ಹೊಳೆಗೆ ಬಿಡಬೇಕಾಗಿದ್ದ ಫೋನು

ನಾನು ಮೂಲತಃ ಸಿವಿಲ್ ವಕೀಲ. ಅಂದರೆ ವಾಯಿದೆ ಕೇಳುವುದನ್ನೇ ವೃತ್ತಿ ಮಾಡಿಕೊಂಡವನು. ವಾಸ ನಂಜನಗೂಡು, ಆಫೀಸು ತಿ. ನರಸೀಪುರದ ಕೋರ್ಟಿನ ಹತ್ತಿರ, ನಡುವೆ ಓಡಾಡುವುದಕ್ಕೆ ಕೆಂಪು ಬಸ್ಸು. ನನ್ನ ಕಕ್ಷಿದಾರರು ಬದು ಒತ್ತಿದ ಅಣ್ಣಂದಿರು, ಭಾಗ ಕೊಡದ ಚಿಕ್ಕಪ್ಪಂದಿರು, ನಾಲೆಯ ನೀರನ್ನು ತಮ್ಮ ಗದ್ದೆಯ ಕಡೆಗೇ ತಿರುಗಿಸಿಕೊಂಡ ಸಜ್ಜನರು. ಇಂಥ ವ್ಯಾಜ್ಯಗಳಲ್ಲಿ ಆತುರಪಡುವುದು ಅಸಭ್ಯತೆ. ಜಮೀನು ಎದ್ದು ಓಡುವುದಿಲ್ಲ. ವಾದಿ ತೀರಿಕೊಂಡರೆ ಅವನ ಮಗ ಅದೇ ಫೈಲು ಹಿಡಿದು ಬರುತ್ತಾನೆ, ನಾನೂ ಅದೇ ಕುರ್ಚಿಯಲ್ಲಿ ಕೂತಿರುತ್ತೇನೆ.

ಹೀಗಿರುವಾಗ, ಕಣ್ಣು ಮುಚ್ಚಿ ತೆರೆಯುವುದರೊಳಗೆ ತಾಲ್ಲೂಕು ದಾಟುವ ವಸ್ತುವೊಂದರ ವ್ಯಾಜ್ಯ ನನ್ನ ಮೇಜಿಗೆ ಬಂತು. ತಂದವಳು ನನ್ನ ಜೂನಿಯರ್. ಆಕೆ ನನ್ನ ಆಫೀಸು ಸೇರಿ ಎರಡು ಮಳೆಗಾಲ ಕಳೆದಿತ್ತು. ಅಷ್ಟರಲ್ಲಿ ನನಗೆ ಫೋನಿನಲ್ಲಿ ದೊಡ್ಡ ಅಕ್ಷರ ಮಾಡಿಕೊಳ್ಳುವುದನ್ನು ಕಲಿಸಿದ್ದಳು, ನಾನು ಅವಳಿಗೆ ಜಡ್ಜ್ ಮುಂದೆ ನಗದೆ ಇರುವುದನ್ನು ಕಲಿಸಿದ್ದೆ.

ಜೂನಿಯರ್ ಹಿಂದೆ ನಿಂತಿದ್ದ ಹುಡುಗಿ ತಾಂಡ್ಯದ ಒಂದು ಕಾರ್ಖಾನೆಯ ನೀಲಿ ಅಂಗಿಯಲ್ಲೇ ಬಂದಿದ್ದಳು. ಶಿಫ್ಟು ಮುಗಿಸಿ ಕಂಪನಿ ಬಸ್ಸಿನಿಂದ ನೇರ ಇಳಿದಿದ್ದಳಂತೆ. ನನ್ನ ಕಡೆ ನೋಡದೆ ಜೂನಿಯರ್‌ಗೆ ಮುಖ ಮಾಡಿ ಕೂತು ವಿಷಯ ಹೇಳಿದಳು. ಸ್ವಂತ ಕುಲದಲ್ಲೇ ಗಂಡು ಗೊತ್ತಾಗಿತ್ತು. ಹಾಲಿನ ಟ್ಯಾಂಕರ್ ಓಡಿಸುವವನು. ವೀಳ್ಯ ಬದಲಾಯಿಸಿಕೊಂಡ ಮೇಲೆ ದಿನಾ ವಿಡಿಯೋ ಕಾಲ್. ಆಗ ಅವಳಿಗೆ ಗೊತ್ತಿಲ್ಲದಂತೆ ಅವನು ಅದನ್ನು ತನ್ನ ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದ. ಕೆಲಸ ಬಿಡು ಎಂದ, ಇವಳು ಬಿಡಲಿಲ್ಲ. ಕೈ ಎತ್ತಿದ, ಇವಳು ಸಂಬಂಧವನ್ನೇ ಬಿಟ್ಟಳು. ಮುಂದಿನ ವಾರ ಯಾವುದೋ ಹೆಸರಿಲ್ಲದ ಖಾತೆಯಿಂದ ಕಾರ್ಖಾನೆಯಲ್ಲಿ ಇವಳ ಲೈನಿನವರ ವಾಟ್ಸಾಪ್ ಗುಂಪಿಗೆ ಅದರಲ್ಲಿನ ಒಂದು ಚಿತ್ರ ಬಂತು. ಕೆಳಗೆ ಒಂದು ಸಾಲು: ಇನ್ನೂ ಐತೆ.

"ಬಸ್ ಸ್ಟ್ಯಾಂಡಲ್ಲಿ ಎದುರಿಗೆ ಬಂದು ಫೋನ್ ಎತ್ತಿ ತೋರ್ಸ್ದ ಅಕ್ಕ. ಎಲ್ಲಾನೂ ಅದ್ರಲ್ಲೇ ಅವೆ," ಎಂದಳು.

ನಾನು ಗಂಟಲು ಸರಿಮಾಡಿಕೊಂಡು ಕಾನೂನಿನ ಗಾಂಭೀರ್ಯ ಧರಿಸಿದೆ. ಕೇಸು ಹಾಕಬಹುದು, ಕಲಮುಗಳು ಗಟ್ಟಿಯಾಗಿವೆ, ಹೆದರಬೇಡಮ್ಮ, ಇತ್ಯಾದಿ. ಅವಳು ಮೊದಲ ಸಲ ನನ್ನ ಕಡೆ ತಿರುಗಿದಳು.

"ಕೇಸ್ ಹಾಕುದ್ರೆ ಆ ಫೋಟೋನ ಯಾರ್ಯಾರು ನೋಡ್ತಾರೆ ಸಾ?"

ನಾನು ಪ್ರಾಮಾಣಿಕವಾಗಿ ಪಟ್ಟಿ ಮಾಡಲು ಹೊರಟೆ. ಠಾಣೆಯಲ್ಲಿ ಬರೆದುಕೊಳ್ಳುವವರು, ತನಿಖೆಯವರು, ಕೋರ್ಟಿನ ಗುಮಾಸ್ತರು, ಸರ್ಕಾರಿ ವಕೀಲರು, ಎದುರು ವಕೀಲರು, ಸನ್ಮಾನ್ಯ ನ್ಯಾಯಾಧೀಶರು... ಅಷ್ಟು ಹೊತ್ತಿಗೆ ಜೂನಿಯರ್ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಪಟ್ಟಿಯಲ್ಲಿ ಝೆರಾಕ್ಸ್ ಅಂಗಡಿಯವನನ್ನು ಸೇರಿಸುವುದು ಇನ್ನೂ ಬಾಕಿ ಇತ್ತು. ನಮ್ಮ ಕೋರ್ಟಿನ ಮುಂದಿನ ಝೆರಾಕ್ಸ್ ಅಂಗಡಿಯವನು ಓದದೆ ಯಾವ ಕಾಗದವೂ ನ್ಯಾಯದೇಗುಲ ಪ್ರವೇಶಿಸಿದ್ದಿಲ್ಲ. ತಾಲ್ಲೂಕಿನ ಅರ್ಧ ವಿಚ್ಛೇದನಗಳ ಕಾರಣ ಜಡ್ಜ್‌ಗಿಂತ ಮೊದಲು ಅವನಿಗೆ ಗೊತ್ತು.

ಅಂದೇ ಆಫೀಸಿನಲ್ಲಿ ಒಂದು ಕಟ್ಟಳೆ ಮಾಡಿದೆವು. ಚಿತ್ರವನ್ನು ನಾನು ನೋಡುವುದಿಲ್ಲ. ಜೂನಿಯರ್ ಒಂದೇ ಸಲ ನೋಡಿ, ದೂರಿಗೆ ಬೇಕಾದಷ್ಟನ್ನು ಬರೆದು, ಮುಚ್ಚಿಡುತ್ತಾಳೆ. ಮೈಸೂರಿನಿಂದ ಸಣ್ಣದೊಂದು ಪ್ರಿಂಟರ್ ಬಂತು. ಝೆರಾಕ್ಸ್ ಅಂಗಡಿಯವನು ನನ್ನ ನಮಸ್ಕಾರಕ್ಕೆ ಪ್ರತಿನಮಸ್ಕಾರ ಹಾಕುವುದನ್ನು ನಿಲ್ಲಿಸಿದ.

ಹುಡುಗಿ ಆಮೇಲೆ ಹೇಳಿದ ಮಾತು ನನ್ನನ್ನು ಕುರ್ಚಿಯಿಂದ ಎಬ್ಬಿಸಿತು. ಅವಳ ದೊಡ್ಡಪ್ಪ ಮರ್ಯಾದೆಗೆ ಅಂಜಿ, ಪೊಲೀಸು ಬೇಡ ಎಂದು, ವಿಷಯವನ್ನು ಆಗಲೇ ಕುಲದ ಯಜಮಾನರ ಮುಂದೆ ಇಟ್ಟಿದ್ದ. ಪಂಚಾಯ್ತಿ ನ್ಯಾಯ ಸೇರಿ ತೀರ್ಮಾನವೂ ಆಗಿತ್ತು. ಬರುವ ಭಾನುವಾರ ಬೆಳಗ್ಗೆ ಹುಡುಗ ತನ್ನ ಫೋನು ತಂದು ಯಜಮಾನರಿಗೆ ಒಪ್ಪಿಸಬೇಕು. ಸದರಿ ಫೋನನ್ನು ನರಸೀಪುರದ ಸಂಗಮದಲ್ಲಿ ನಡುನೀರಿಗೆ ಬಿಡಬೇಕು. ಹೊಳೆಗೆ ಬಿಟ್ಟದ್ದು ಬಿಟ್ಟ ಹಾಗೆ. ಅಲ್ಲಿಗೆ ಎರಡೂ ಕಡೆಯವರು ಬಾಯಿ ಎತ್ತಬಾರದು.

ಯಜಮಾನರ ಲೆಕ್ಕ ಅರ್ಥವಾಗುತ್ತಿತ್ತು. ಕಾವೇರಿಗೆ ಕಪಿಲೆ ಸೇರುವ ಆ ಜಾಗದಲ್ಲಿ ನಮ್ಮ ಕಡೆಯವರು ಹೆತ್ತವರ ಬೂದಿಯನ್ನೇ ಬಿಟ್ಟು ಕೈ ತೊಳೆದುಕೊಂಡು ಬರುತ್ತಾರೆ. ಅಂಥದ್ದನ್ನೇ ಒಯ್ದ ನೀರು ಒಂದು ಫೋನನ್ನು ಒಯ್ಯದೇ?

"ಹುಡುಗ ಏನಂದ?" ಎಂದು ಜೂನಿಯರ್ ಕೇಳಿದಳು.

"ಯಜಮಾನ್ರ ಕಾಲಿಗೆ ಬಿದ್ದು ಅತ್ತ ಅಕ್ಕ. ಈಗ್ಲೇ ಬಿಟ್ಬುಡ್ತೀನಿ ಒಳೆಗೆ ಅಂದ."

"ಅಷ್ಟು ಖುಷಿಯಾಗಿ ಒಪ್ಕೊಂಡ್ನಾ?" ಜೂನಿಯರ್ ನನ್ನ ಕಡೆ ತಿರುಗಿದಳು. "ಫೋನ್ ಮುಳುಗಿದ್ರೆ ಫೋಟೋ ಮುಳುಗಲ್ಲ ಸರ್. ಇನ್ನೆಲ್ಲೋ ಇಟ್ಟಿರ್ತಾನೆ. ಮುಳುಗೋದು ಸಾಕ್ಷಿ ಮಾತ್ರ."

ಸಂಗತಿ ಅಷ್ಟೇ ಆಗಿತ್ತು. ಖಾತೆಗೆ ಹೆಸರಿಲ್ಲ. ಆ ವಿಡಿಯೋಗಳನ್ನು ಹಿಡಿದವನು ಇವನೇ, ಕಳಿಸಿದವನು ಇವನೇ ಎಂದು ನಮ್ಮ ಕೈಯಲ್ಲಿ ತೋರಿಸುವುದಕ್ಕಿದ್ದದ್ದು ಆ ಒಂದು ಫೋನು. ಅದು ಹೋದರೆ ಸೋಮವಾರದಿಂದಲೇ ಅವನು ಊರಲ್ಲಿ ಶುದ್ಧನಾಗಿ ಓಡಾಡುತ್ತಾನೆ, ಬೇಕೆನಿಸಿದ ದಿನ ಇನ್ನೊಂದು ಚಿತ್ರ ಕಳಿಸುತ್ತಾನೆ. ಇವಳ ಬಾಯಿಗೆ ಯಜಮಾನರ ಬೀಗ.

ಇನ್ನೊಂದು ಮಾತನ್ನು ಅವಳು ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು. ನ್ಯಾಯದಲ್ಲಿ ಯಜಮಾನರು ಹುಡುಗನಿಗೆ, "ಎಲ್ಲಿ, ಅದೇನು ತೋರ್ಸ್ಲಾ ನೋಡುಮ," ಎಂದು ಕೈ ಚಾಚಿದ್ದರಂತೆ. ಕೆಟ್ಟ ಬುದ್ಧಿಯಿಂದಲ್ಲ. ಹಸು ಮೇಯ್ದ ಪೈರನ್ನು ನೋಡದೆ ಹಸುವಿನವನಿಗೆ ತಪ್ಪು ಹಾಕಿದ್ದಿಲ್ಲ ಆ ಮನುಷ್ಯ. ಆದ್ದರಿಂದ ಇದನ್ನೂ ನೋಡಬೇಕೆಂದುಕೊಂಡರು. ಹುಡುಗಿ ಎದ್ದು ಹೊರಗೆ ಹೋಗಿ ದನದ ಕೊಟ್ಟಿಗೆಯಲ್ಲಿ ನಿಂತಿದ್ದಳು. ಅವರು ನೋಡಿದರೋ ಇಲ್ಲವೋ ಅವಳಿಗೆ ತಿಳಿಯದು. ಕೇಳಲೂ ಇಲ್ಲ.

ದೂರು ಕೊಡಲು ಹೋದಾಗ ಒಂದು ಠಾಣೆಯವರು, ಚಿತ್ರ ಬಂದದ್ದು ಕಾರ್ಖಾನೆಯಲ್ಲಿ ತಾನೇ, ಅಲ್ಲಿಗೆ ಹೋಗಿ ಎಂದರು. ಅಲ್ಲಿಯವರು, ಮನೆ ಇರುವುದು ಆ ಕಡೆ ತಾನೇ ಎಂದರು. ಕಪಿಲೆ ನಂಜನಗೂಡಿನಿಂದ ನರಸೀಪುರಕ್ಕೆ ಯಾರ ವ್ಯಾಪ್ತಿಯನ್ನೂ ವಿಚಾರಿಸದೆ ಹರಿಯುತ್ತಾಳೆ, ಆಕೆಗೆ ಕಾನೂನಿನ ತಿಳಿವಳಿಕೆ ಕಡಿಮೆ. ಯಾವ ಠಾಣೆಯಲ್ಲಾದರೂ ದೂರು ಬರೆದುಕೊಳ್ಳಲೇಬೇಕು ಎಂಬ ಕಲಮನ್ನು ನಾನು ಮಂತ್ರಪುಷ್ಪದ ಧಾಟಿಯಲ್ಲಿ ಓದಿದೆ. ಕೊನೆಗೆ ಒಬ್ಬ ಮಹಿಳಾ ಸಬ್ ಇನ್ಸ್‌ಪೆಕ್ಟರ್ ಹುಡುಗಿಯನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ಹೇಳಿಕೆ ಬರೆದುಕೊಂಡರು. ಎಫ್‌ಐಆರ್ ಆಯಿತು.

ಆದರೆ ಆಸಾಮಿ ಸಿಗಲಿಲ್ಲ. ಟ್ಯಾಂಕರ್ ಯಾವ ದಾರಿಯಲ್ಲಿದೆಯೋ, ಫೋನು ಆಫ್. ಮನೆಗೆ ಹೋಗಿ ಹುಡುಕಿದರೆ ಸುದ್ದಿ ಮುಟ್ಟುತ್ತದೆ, ಮುಟ್ಟಿದ ಗಳಿಗೆಯಲ್ಲೇ ಫೋನು ಯಾವುದಾದರೂ ಕೆರೆ ಸೇರುತ್ತದೆ.

"ಭಾನುವಾರ ತಾನಾಗೇ ತರ್ತಾನಲ್ಲ ಸರ್," ಎಂದರು ಸಬ್ ಇನ್ಸ್‌ಪೆಕ್ಟರ್. "ಪೊಲೀಸ್ ಮಾತಿಗೆ ಬರದವನು ಯಜಮಾನರ ಮಾತಿಗೆ ಬರ್ತಾನೆ. ನಾನು ಮಫ್ತಿಯಲ್ಲಿ ಅಲ್ಲಿರ್ತೀನಿ. ನೀವು ಸುಮ್ಮನೆ ಹುಡುಗಿ ಕಡೆ ಹಿರಿಯರ ಥರ ಬನ್ನಿ."

ಹೀಗೆ, ಸಾಕ್ಷ್ಯ ನಾಶದ ಸಮಾರಂಭಕ್ಕೆ ಪಂಚೆ ಉಟ್ಟು, ಶಲ್ಯ ಹೊದ್ದು, ಆಹ್ವಾನಿತನಾಗಿ ಹೋದ ಮೊದಲ ವಕೀಲ ನಾನೇ ಇರಬೇಕು.

ಭಾನುವಾರ ಸಂಗಮದ ಮೆಟ್ಟಿಲ ಮೇಲೆ ಎಲ್ಲರೂ ಸೇರಿದ್ದರು. ನಡುನೀರಿಗೆ ಹೋಗಲು ತೆಪ್ಪ ಹೇಳಿಟ್ಟಿದ್ದರು, ತೆಪ್ಪದವನು ಹುಟ್ಟು ಹಿಡಿದು ಕಾಯುತ್ತಿದ್ದ. ಯಜಮಾನರು ಬಿಳಿ ಪಂಚೆಯಲ್ಲಿ, ಕೈಯಲ್ಲಿ ತೆಂಗಿನಕಾಯಿ, ಕರ್ಪೂರ, ಎಲೆಅಡಿಕೆಯ ಚೀಲ. ಫೋನೇ ಆದರೂ ಶಾಸ್ತ್ರ ಶಾಸ್ತ್ರವೇ. ದೊಡ್ಡಪ್ಪ ಯಾರ ಮುಖವನ್ನೂ ನೋಡದೆ ನೀರು ನೋಡುತ್ತಿದ್ದ. ಹುಡುಗಿ ನನ್ನ ಜೂನಿಯರ್ ಪಕ್ಕ ನಿಂತಿದ್ದಳು, ಕೈಯಲ್ಲಿ ಊಟದ ಬುತ್ತಿಯಂಥ ಒಂದು ಬಟ್ಟೆಚೀಲ. ಆಸಾಮಿ ಬೈಕಿನಲ್ಲಿ ಬಂದ. ಮೀಸೆ ತಿದ್ದಿಸಿಕೊಂಡಿದ್ದ. ಪಶ್ಚಾತ್ತಾಪಕ್ಕೆ ಅದೂ ಬೇಕೇನೋ. ಬಂದವನೇ ಫೋನನ್ನು ಯಜಮಾನರ ಕೈಗೆ ಕೊಟ್ಟ.

ಎಲ್ಲವೂ ಇತ್ತು. ಪೊಲೀಸರು ಮಾತ್ರ ಇರಲಿಲ್ಲ.

ಜೂನಿಯರ್ ಪಕ್ಕಕ್ಕೆ ಹೋಗಿ ಫೋನು ಮಾಡಿ ಬಂದಳು. ಸಬ್ ಇನ್ಸ್‌ಪೆಕ್ಟರರನ್ನು ಯಾರೋ ದೊಡ್ಡವರ ಬಂದೋಬಸ್ತಿಗೆ ಹಾಕಿಬಿಟ್ಟಿದ್ದರಂತೆ, ಈಗಷ್ಟೇ ಬಿಡಿಸಿಕೊಂಡು ಹೊರಟಿದ್ದಾರೆ, ದಾರಿಯಲ್ಲಿದ್ದಾರೆ. "ಸ್ವಲ್ಪ ಎಳೀರಿ ಸರ್," ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಎಳೆಯುವುದು! ಜೀವಮಾನವೆಲ್ಲ ನಾನು ಬೇರೇನು ಮಾಡಿದ್ದೇನೆ? ಶಲ್ಯ ಸರಿಮಾಡಿಕೊಂಡು ಮುಂದೆ ಬಂದೆ.

"ಯಜಮಾನ್ರೇ, ಒಂದು ಅರಿಕೆ. ಸಿಮ್ ತೆಗೆದು ಬಿಡ್ತೀರೋ, ಸಿಮ್ ಸಮೇತವೋ?"

ಯಜಮಾನರು ಹುಬ್ಬು ಗಂಟಿಕ್ಕಿದರು. ಇದು ವಿಚಾರ ಮಾಡಬೇಕಾದ ಅಂಶವೇ. ಸ್ವಲ್ಪ ಚರ್ಚೆಯಾಯಿತು. ಸಮೇತ ಎಂದು ತೀರ್ಮಾನ. ಹೊರಗಿನ ಕವಚ ರಬ್ಬರಿನದು, ಹೊಳೆಗೆ ಹಾಕಬಹುದೇ ಎಂದು ಕೇಳಿದೆ. ಅದನ್ನು ಬಿಚ್ಚಿದರು. ಯಾವ ದಿಕ್ಕಿಗೆ ಮುಖ ಮಾಡಿ ಬಿಡುವುದು ಎಂದೆ. ಕಾಯಿ ಒಡೆಯುವುದು ಬಿಡುವ ಮೊದಲೋ ಆಮೇಲೋ ಎಂದೆ. ಮೇಲೆ ರಸ್ತೆಯಲ್ಲಿ ಒಂದೂ ಜೀಪು ಕಾಣದು.

"ಲಾಯರ್ ಸಾ, ನೀವು ಕೋರ್ಟಲ್ಲೂ ಇಂಗೇಯಾ?" ಎಂದ ತೆಪ್ಪದವನು ಹುಟ್ಟು ಕುಟ್ಟುತ್ತ. "ಅದಕ್ಕೇ ನಮ್ಮಪ್ಪನ ಕೇಸು ಇನ್ನೂ ನಡೀತಾ ಅದೆ."

ಎಲ್ಲರೂ ನಕ್ಕರು. ಆಸಾಮಿಯೂ ನಕ್ಕ. "ಕೊಡಿ ಯಜಮಾನ್ರೇ, ನಾನೇ ಓಗಿ ಬಿಟ್ಬತ್ತೀನಿ, ಒತ್ತಾಯ್ತು," ಎಂದು ಕೈ ಚಾಚಿದ. ಯಜಮಾನರು ಕೊಡಲು ಕೈ ಎತ್ತಿಯೂ ಬಿಟ್ಟರು.

ನನ್ನ ಬತ್ತಳಿಕೆ ಖಾಲಿಯಾಗಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ. "ತಪ್ಪು ಮಾಡಿದವನ ಕೈಗೇ ತಪ್ಪು ಕಾಣಿಕೆ ಕೊಡೋದುಂಟಾ ಯಜಮಾನ್ರೇ? ನಿಮ್ಮ ಕಟ್ಟಳೆ ಹಾಗಿದೆಯಾ?"

ಎತ್ತಿದ ಕೈ ಅಲ್ಲೇ ನಿಂತಿತು. ಯಜಮಾನರು ಯೋಚಿಸಿದರು. ಆಮೇಲೆ, "ಇಲ್ಲ. ನೊಂದವ್ರ ಕೈಗೆ ಕೊಡ್ಸೋದು ನಮ್ಮ ಕಟ್ಟಳೆ," ಎಂದು ಹುಡುಗಿಯ ಕಡೆ ತಿರುಗಿದರು. "ಬಾ ಮಗ. ನೀನೇ ಬುಡು."

ಆಸಾಮಿಯ ನಗು ಹೋಯಿತು. ಆದರೆ ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಯಜಮಾನರು ಅವಳನ್ನೂ ದೊಡ್ಡಪ್ಪನನ್ನೂ ಕರೆದುಕೊಂಡು ತೆಪ್ಪ ಹತ್ತಿಯೇಬಿಟ್ಟರು. ನಾನೂ ಕಾಲು ಮುಂದಿಟ್ಟೆ. ತೆಪ್ಪದವನು ನನ್ನ ಹೊಟ್ಟೆಯನ್ನು ಒಮ್ಮೆ ನೋಡಿ, "ಬ್ಯಾಡಿ ಸಾ, ಎಲ್ರೂ ಒಳೆ ಸೇರ್ತೀವಿ," ಎಂದು ದಡಕ್ಕೆ ಒದ್ದು ತೆಪ್ಪ ತಳ್ಳಿದ.

ಅಲ್ಲಿಂದ ಮುಂದಿನದನ್ನು ನಾನು ದಡದಲ್ಲಿ ನಿಂತು ನೋಡಿದೆ. ಇಷ್ಟು ವರ್ಷದ ವಕಾಲತ್ತಿನಲ್ಲಿ ಕಕ್ಷಿದಾರರು ನನ್ನನ್ನು ಬಿಟ್ಟು ವಾದ ಮಾಡಲು ಹೋದದ್ದು ಅದೇ ಮೊದಲು. ತೆಪ್ಪ ಮೆಲ್ಲಗೆ ಸುತ್ತುತ್ತ ನಡುನೀರಿಗೆ ಹೋಯಿತು. ಒಂದು ಸುತ್ತಿಗೆ ಯಜಮಾನರ ಮುಖ, ಇನ್ನೊಂದು ಸುತ್ತಿಗೆ ಹುಡುಗಿಯ ಬೆನ್ನು. ಎರಡು ನೀರು ಕೂಡುವಲ್ಲಿ ತೆಪ್ಪದವನು ಹುಟ್ಟು ನಿಲ್ಲಿಸಿದ. ಏನೋ ಮಾತು ನಡೆಯುತ್ತಿತ್ತು. ಒಂದಕ್ಷರ ಕೇಳಿಸದು. ಜೂನಿಯರ್ ನನ್ನ ಶಲ್ಯದ ತುದಿಯನ್ನು ಹಿಂಡುತ್ತಿದ್ದಳು. ಹುಡುಗಿ ಕೈ ಹೊರಗೆ ಚಾಚಿದಳು, ನೀರಿನ ಮೇಲೆ. ಫೋನು ಬಿಸಿಲಿಗೆ ಒಮ್ಮೆ ಹೊಳೆಯಿತು.

"ಬಿಡ್ತಾಳೆ ಸರ್," ಎಂದಳು ಜೂನಿಯರ್.

ಬಿಟ್ಟರೆ ಅವಳನ್ನು ದೂರುವಂತಿರಲಿಲ್ಲ. ಮನೆಯವರು, ಕುಲದವರು, ಹೊಳೆ ಎಲ್ಲ ಒಂದು ಕಡೆ. ಬೆರಳು ಸಡಿಲಿಸಿದರೆ ಮುಗಿಯಿತು, ದೊಡ್ಡಪ್ಪ ಮತ್ತೆ ಅವಳೊಂದಿಗೆ ಮಾತಾಡುತ್ತಾನೆ. ನನ್ನ ಪಕ್ಕದಲ್ಲೇ ನಿಂತಿದ್ದ ಆಸಾಮಿ ಬೀಡಿ ಹಚ್ಚಿದ.

ಆಗ ಯಜಮಾನರೂ ಕೈ ಚಾಚಿದ್ದು ಕಂಡಿತು. ಅವರ ಅಂಗೈ ನೀರಿನ ಮೇಲೆ ಬಂದು ನಿಂತಿತು. ಮುಟ್ಟಲಿಲ್ಲ. ತೆಪ್ಪ ಪೂರಾ ಒಂದು ಸುತ್ತು ಸುತ್ತಿ ಬಂದಾಗಲೂ ಅಂಗೈ ಅಲ್ಲೇ ಇತ್ತು. ಆಮೇಲೆ ಅವರು ಅದನ್ನು ಹಿಂದಕ್ಕೆ ತೆಗೆದುಕೊಂಡು, ತೆಪ್ಪದವನಿಗೆ ಏನೋ ಹೇಳಿದರು. ತೆಪ್ಪ ದಡಕ್ಕೆ ತಿರುಗಿತು. ಹುಡುಗಿಯ ತಲೆ ಬಗ್ಗಿತ್ತು, ಕೈ ಚೀಲದೊಳಗಿತ್ತು. ಫೋನು ಎಲ್ಲಿದೆಯೋ ನಮಗೆ ತಿಳಿಯದು.

ನಡೆದದ್ದನ್ನು ದೊಡ್ಡಪ್ಪ ಆಮೇಲೆ ಹೇಳಿದ. ನಡುನೀರಿನಲ್ಲಿ ಅವಳು ಫೋನು ಹೊರಗೆ ಹಿಡಿದು ಯಜಮಾನರಿಗೆ ಹೇಳಿದಳಂತೆ: "ತಾತ, ಇದು ಮುಳುಗ್ದ ಮೇಲೆ ಇನ್ನೊಂದು ಫೋಟೋ ಬರಕಿಲ್ಲ ಅಂತ ನೀವು ಒಳೆ ಮುಟ್ಟಿ ಯೋಳಿ. ಈಗ್ಲೇ ಬಿಟ್ಬುಡ್ತೀನಿ."

ಹೊಳೆ ಮುಟ್ಟಿ ಹೇಳುವುದೆಂದರೆ ನಮ್ಮ ಕಡೆ ಅದಕ್ಕಿಂತ ಮುಂದೆ ಮಾತಿಲ್ಲ. ಕೋರ್ಟಿನ ಪ್ರಮಾಣವಚನ ಅದರ ಮುಂದೆ ಬಸ್ ಟಿಕೆಟ್ಟು. ಸುಳ್ಳಾದರೆ ಹೇಳಿದವನ ಮನೆಗೆ ತಟ್ಟುತ್ತದೆ ಎಂಬುದು ನಂಬಿಕೆ, ಆ ನಂಬಿಕೆ ಯಜಮಾನರಿಗೆ ಪೂರ್ತಿ ಇತ್ತು. ಅವರು ಕೈ ಚಾಚಿದರು. ದಡದಲ್ಲಿ ಬೀಡಿ ಸೇದುತ್ತಿದ್ದವನನ್ನು ಒಮ್ಮೆ ನೋಡಿದರು. ಆಮೇಲೆ, "ನನ್ ಕೈಲಿ ಆಗಕಿಲ್ಲ ಕಣವ್ವ. ನಡಿ," ಎಂದರಂತೆ.

ತೆಪ್ಪ ದಡ ಮುಟ್ಟಿದಾಗ ಹುಡುಗಿ ನೇರ ಜೂನಿಯರ್ ಹತ್ತಿರ ಬಂದು ಚೀಲ ತೆರೆದಳು. ಚಪಾತಿ ಸುತ್ತುವ ಬೆಳ್ಳಿ ಕಾಗದದಲ್ಲಿ ಸುತ್ತಿ ಸುತ್ತಿ ಕಟ್ಟಿದ ಒಂದು ಗಂಟು. ದೂರದಿಂದ ಯಾರೂ ಒಳಗಿನದನ್ನು ಅಳಿಸದ ಹಾಗೆ ಅದರಲ್ಲಿ ಸುತ್ತಿಡು ಎಂದು ಜೂನಿಯರ್ ಹೇಳಿಕೊಟ್ಟಿದ್ದಳಂತೆ. ನನಗದು ಉಪ್ಪಿಟ್ಟಿನ ಪೊಟ್ಟಣದಂತೆಯೇ ಕಂಡಿತು.

ಆಸಾಮಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. "ಇದೇನ್ ಯಜಮಾನ್ರೇ, ಮಾತು ಕೊಟ್ಟಿದ್ರಿ! ಕೊಡೇ ಇತ್ಲಾಗೆ!" ಎಂದು ನುಗ್ಗಿದ. ನಾನು ಅಡ್ಡ ನಿಂತೆ. ತೆಪ್ಪಕ್ಕೆ ಭಾರವಾಗಿದ್ದ ಹೊಟ್ಟೆ ಇಲ್ಲಿ ಕೆಲಸಕ್ಕೆ ಬಂತು. ಅವನು ಡಿಕ್ಕಿ ಹೊಡೆದ, ಇಬ್ಬರೂ ಮೆಟ್ಟಿಲ ಮೇಲೆ ಬಿದ್ದೆವು, ನನ್ನ ಕನ್ನಡಕ ಹೊಳೆಗೆ ಹೋಯಿತು. ಯಜಮಾನರು ಅವನ ಅಂಗಿಯ ಕೊರಳಪಟ್ಟಿ ಹಿಡಿದು ಎತ್ತಿ, "ಕೂತ್ಕೊಳ್ಲಾ," ಎಂದರು. ಅಷ್ಟೇ. ಅವನು ಕೂತ.

ಹೀಗೆ ಕೂತಿದ್ದಾಗ ಸಬ್ ಇನ್ಸ್‌ಪೆಕ್ಟರ್ ಚೂಡಿದಾರದಲ್ಲಿ, ಗೂಡ್ಸ್ ಆಟೋದಲ್ಲಿ, ಎಲೆಕೋಸಿನ ಮೂಟೆಗಳ ಪಕ್ಕ ಕೂತು ಬಂದಿಳಿದರು. ಜೀಪು ಸಿಕ್ಕಿರಲಿಲ್ಲ. ಹಿಂದೆ ಒಬ್ಬ ಕಾನ್‌ಸ್ಟೇಬಲ್. ಮೆಟ್ಟಿಲ ಮೇಲೆಯೇ ಮಹಜರು ಬರೆದರು. ಬೆಳ್ಳಿ ಕಾಗದ ಸರಿಸಿ ಫೋನಿನ ಗುರುತು ಬರೆದುಕೊಂಡರು, ಪರದೆಯನ್ನು ಬೆಳಗಿಸಲಿಲ್ಲ. ಮತ್ತೆ ಸುತ್ತಿ, ಬಟ್ಟೆಯಲ್ಲಿ ಹೊಲಿದು, ಅರಗು ಕರಗಿಸಿ ಮುದ್ರೆ ಒತ್ತಿದರು. ಅರಗು ಕರಗಿಸಿದ್ದು ಯಜಮಾನರ ಕರ್ಪೂರದ ಉರಿಯಲ್ಲಿ. ಪಂಚರಾಗಿ ಸಹಿ ಹಾಕಲು ಸಾಕ್ಷಿದಾರರು ಬೇಕಾಯಿತು. ತೆಪ್ಪದವನು ಹಾಕಿದ. ಯಜಮಾನರು ಪೆನ್ನು ಹಿಡಿದು ತುಂಬ ಹೊತ್ತು ಕೂತು, ಆಮೇಲೆ ನಿಧಾನವಾಗಿ ಬರೆದರು.

ಹುಡುಗಿ ಅರಗಿನ ಮುದ್ರೆಯನ್ನೇ ನೋಡುತ್ತಿದ್ದಳು. "ಈಗ ಇದನ್ನ ಯಾರು ಬಿಚ್ತಾರೆ ಮೇಡಂ?"

"ಲ್ಯಾಬಿನವರು. ಆಮೇಲೆ ಕೋರ್ಟು. ಬಾಗಿಲು ಹಾಕ್ಕೊಂಡು," ಎಂದರು ಸಬ್ ಇನ್ಸ್‌ಪೆಕ್ಟರ್. ಯಾರೂ ಬಿಚ್ಚುವುದಿಲ್ಲ ಎಂದು ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವಳು ತಲೆಯಾಡಿಸಿದಳು. ಕಾಯಿ ಉಳಿದಿತ್ತು. ಏನೂ ಬಿಡದೆ ಹೊಳೆಯಿಂದ ಹಿಂದಿರುಗಬಾರದೆಂದು ಯಜಮಾನರು ಅದನ್ನು ಒಡೆದು ಒಂದು ಹೋಳನ್ನು ನೀರಿಗೆ ಬಿಟ್ಟರು. ಇನ್ನೊಂದನ್ನು ಎಲ್ಲರೂ ಚೂರು ಚೂರು ತಿಂದೆವು, ಕಾನ್‌ಸ್ಟೇಬಲ್ ಸಮೇತ.

ಆಮೇಲಿನದು ನನ್ನ ಊರಿನ ಭಾಷೆಯಲ್ಲಿ ನಡೆಯಿತು, ಅಂದರೆ ವಾಯಿದೆಗಳ ಭಾಷೆಯಲ್ಲಿ. ಆಸಾಮಿಗೆ ಜಾಮೀನು ಸಿಕ್ಕಿತು. ಅವನು ಚಿತ್ರಗಳನ್ನು ಇನ್ನೆಲ್ಲೆಲ್ಲಿ ಬಚ್ಚಿಟ್ಟಿದ್ದನೆಂಬುದು ಆ ಫೋನಿನಿಂದಲೇ ಹೊರಬಿತ್ತು, ಅವನ್ನು ತೆಗೆಸಲು ಜೂನಿಯರ್ ವಾರಗಟ್ಟಲೆ ದೂರು ಬರೆದಳು. ಬಹಳಷ್ಟು ಹೋದವು. ಎಲ್ಲವೂ ಹೋದವೆಂದು ಹೊಳೆ ಮುಟ್ಟಿ ಹೇಳಲು ನಾನೂ ಸಿದ್ಧನಿಲ್ಲ. ಹುಡುಗಿ ಕೆಲಸ ಬಿಡಲಿಲ್ಲ. ಲೈನಿನಲ್ಲಿ ಮೊದಮೊದಲು ಪಿಸುಮಾತಾಡಿದವರ ಪಕ್ಕದಲ್ಲೇ ನಿಂತು ಕೆಲಸ ಮಾಡಿದಳು. ದೊಡ್ಡಪ್ಪ ಮಾತು ಬಿಟ್ಟ, ದೀಪಾವಳಿಗೆ ಮತ್ತೆ ಆಡಿದ.

ವಿಚಾರಣೆಯ ದಿನ ಸರ್ಕಾರಿ ವಕೀಲರು ಕೋರಿಕೊಂಡಂತೆ ಕೋರ್ಟು ಹಾಲ್ ಖಾಲಿ ಮಾಡಿಸಿ ಬಾಗಿಲು ಹಾಕಿದರು. ಒಳಗೆ ಉಳಿದವರು ಬೆರಳೆಣಿಕೆ. ಹುಡುಗಿಯ ಹೇಳಿಕೆ ಮುಗಿದ ಮೇಲೆ ಮಹಜರಿನ ಸಾಕ್ಷಿಯಾಗಿ ಯಜಮಾನರು ಕಟಕಟೆ ಹತ್ತಿದರು. ಎದುರು ವಕೀಲರು ಬುದ್ಧಿವಂತರು, ನನ್ನ ಹಳೆಯ ಸ್ನೇಹಿತರು. ನಯವಾಗಿ ಕೇಳಿದರು, "ಯಜಮಾನ್ರೇ, ಆ ಫೋನಲ್ಲಿ ಏನಿತ್ತು ಅಂತ ನೀವು ನೋಡಿದ್ರಾ?"

ನನ್ನ ಪಕ್ಕ ಕೂತಿದ್ದ ಹುಡುಗಿಯ ಬೆನ್ನು ಸೆಟೆಯಿತು. ಕೊಟ್ಟಿಗೆಯಲ್ಲಿ ನಿಂತು ಅವಳು ಕೇಳದೆ ಬಿಟ್ಟಿದ್ದ ಪ್ರಶ್ನೆ ಅದು.

"ಇಲ್ಲ," ಎಂದರು ಯಜಮಾನರು. "ಕೈ ಚಾಚ್ದೆ. ಅಷ್ಟೊತ್ಗೆ ಈ ಮಗ ಎದ್ದು ಒರಕ್ಕೋಯ್ತು. ಮಡಿಕ್ಕಳ್ಲಾ ಒಳಕ್ಕೆ ಅಂದೆ ಇವ್ನಿಗೆ."

"ಏನಿದೆ ಅಂತ ಗೊತ್ತಿಲ್ದೆ ಸಹಿ ಹಾಕಿದ್ರಾ ಹಾಗಾದ್ರೆ?"

"ಊಂ ಸಾ. ಗೊತ್ತಿಲ್ಲ. ನಂಗ್ಯಾಕೆ ಗೊತ್ತಾಗ್ಬೇಕು ಅದು?"

ಎದುರು ವಕೀಲರು ಕಾಗದ ತಿರುವಿ ಕೂತರು. ಹುಡುಗಿ ಬಗ್ಗಿ ಬೆಂಚಿನ ಕೆಳಗಿದ್ದ ಚೀಲ ತೆಗೆದುಕೊಂಡಳು. ಮಧ್ಯಾಹ್ನದ ಶಿಫ್ಟಿಗೆ ನಂಜನಗೂಡಿನ ಬಸ್ಸು ಹಿಡಿಯಬೇಕಿತ್ತು. ಹೊರಗೆ ಮೆಟ್ಟಿಲ ಹತ್ತಿರ, ಆಗಲೇ ಕಟಕಟೆ ಇಳಿದು ಬಂದಿದ್ದ ಯಜಮಾನರು ಎಲೆಗೆ ಸುಣ್ಣ ಹಚ್ಚುತ್ತ ನಿಂತಿದ್ದರು. ಅವಳು ಅವರ ಮುಂದೆ ಒಂದು ಗಳಿಗೆ ನಿಂತು, "ಬತ್ತೀನಿ ತಾತ," ಎಂದು ಬಸ್ ಸ್ಟ್ಯಾಂಡಿನ ಕಡೆಗೆ ನಡೆದಳು.